ಸ್ಟೆಮ್ ಸೆಲ್ ದಾನ ಮಾಡಿದರೆ ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರಾ?

ಇಲ್ಲ. ಈ ಭಯ ತುಂಬಾ ಜನರಿಗಿದೆ, ಆದರೆ ಬೆನ್ನುಮೂಳೆಯ ತಂಟೆಗೇ ಹೋಗುವುದಿಲ್ಲ. ಸ್ಟೆಮ್ ಸೆಲ್ ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿದ್ದು ರಕ್ತದ ಕಣಗಳನ್ನು ಹುಟ್ಟಿಸುವ ಮೂಲ ಕಣ.

ಈಗ ಜಾಸ್ತಿ ನಡೆಯುವುದು ರಕ್ತದಿಂದ ಸಂಗ್ರಹಿಸುವ ವಿಧಾನ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಔಷಧಿಯ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಬರುತ್ತವೆ. ಆ ದಿನಗಳಲ್ಲಿ ಮೈಕೈ ನೋವು, ತಲೆನೋವು ಇರುತ್ತದೆ, ಸುಳ್ಳು ಹೇಳಬಾರದು ಅಲ್ವಾ. ಆಮೇಲೆ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ. ಬೇಕಾದ ಕಣಗಳು ಚೀಲದಲ್ಲಿ ಉಳಿದು, ಮಿಕ್ಕ ರಕ್ತ ಇನ್ನೊಂದು ಕೈಗೆ ವಾಪಸ್ ಬರುತ್ತದೆ. ಕೆಲವು ಗಂಟೆ ಸುಮ್ನೆ ಮಲಗಿರಬೇಕು. ಅಪರೂಪಕ್ಕೆ, ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವುದೂ ಉಂಟು.

ರಕ್ತದ ಗುಂಪು ಒಂದೇ ಇರಬೇಕಿಲ್ಲ. ದಾನಿಗೂ ರೋಗಿಗೂ ಹೊಂದಬೇಕಾದ್ದು ಎಚ್‌ಎಲ್‌ಎ, ಅಂದರೆ ದೇಹದ ಕಣಗಳ ಮೇಲೆ ಗುರುತಿನಂತಿರುವ ಪ್ರೋಟೀನ್‌ಗಳು. ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ 25% ಮಾತ್ರ. ಅದಕ್ಕೇ ಲುಕೇಮಿಯಾ (ರಕ್ತದ ಕ್ಯಾನ್ಸರ್), ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ಎಷ್ಟೋ ರೋಗಿಗಳು ಹೊರಗಿನ ದಾನಿಯನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇಂಥ ದಾನಿಗಳನ್ನು ನೋಂದಾಯಿಸುತ್ತದೆ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು.

ಆದರೆ ಮನೆಯವರ ಜೊತೆ ಮಾತಾಡಿಯೇ ಹೆಸರು ಕೊಡಿ. ದಾನದ ದಿನ ಹತ್ತಿರವಾದಾಗ ರೋಗಿಗೆ ಜೋರು ಕೀಮೋ ಕೊಟ್ಟು ಅವರ ಮಜ್ಜೆಯನ್ನು ಖಾಲಿ ಮಾಡುತ್ತಿರುತ್ತಾರೆ. ಆಗ ನೀವು ಹಿಂದೆ ಸರಿದರೆ ಅವರ ಜೀವಕ್ಕೇ ಕುತ್ತು.