ಕೋಸ್ಟ್ ಗಾರ್ಡ್ ಸೇರುತ್ತಿದ್ದೇನೆ, ಸಣ್ಣ ಗಸ್ತು ಹಡಗು ಬೇಡ, ದೊಡ್ಡದು ಬೇಕು ಅಂತ ಕೇಳಿಕೊಳ್ಳಲಾ?

ನಾನೂ ಟ್ರೇನಿಂಗ್ ಮುಗಿಯುವಾಗ ಸೀನಿಯರ್ ಒಬ್ಬರಿಗೆ ಇದನ್ನೇ ಕೇಳಿದ್ದೆ. ಸಣ್ಣ ಹಡಗಿಗೆ ಹಾಕಿದರೆ ಸುಮ್ನೆ ಸುತ್ತು ಹೊಡೆಯೋದೇ ಆಗುತ್ತೆ, ಗಡಿ ಕಾಯೋದು ಯಾವಾಗ ಅನ್ನೋ ಚಿಂತೆ ನಿಮ್ಮದು, ಅಲ್ವಾ? ನಾನು ಹೊನ್ನಾವರದವನು. ನನ್ನನ್ನು ಹಾಕಿದ್ದು ಗುಜರಾತ್ ಕಡೆ, ಐವತ್ತು ಮೀಟರ್ ಕೂಡ ಉದ್ದ ಇಲ್ಲದ ಗಸ್ತು ಹಡಗಿಗೆ. ಮುಂದೆ 30 ಮಿಲಿಮೀಟರ್ ಗನ್ ಇತ್ತು. ಅದನ್ನು ನೋಡಿ ಏನೇನೋ ಕನಸು ಕಟ್ಟಿದ್ದೆ.

ದಿನಾ ಸಿಗುತ್ತಿದ್ದವರು ಮೀನುಗಾರರು. ಸಮುದ್ರದಲ್ಲಿ ಬೇಲಿ ಇಲ್ಲ. ಗುಜರಾತಿಗೂ ಪಾಕಿಸ್ತಾನಕ್ಕೂ ನಡುವೆ ಇರೋ ಸರ್ ಕ್ರೀಕ್ ಅನ್ನೋ ಹಿನ್ನೀರಿನ ತಕರಾರು ಬಗೆಹರಿಯದೆ ಅಲ್ಲಿ ಗೆರೆ ಎಲ್ಲಿ ಅನ್ನೋದೇ ಎರಡೂ ದೇಶ ಒಪ್ಪಿದ ಮಾತಲ್ಲ. ಮೀನಿನ ಹಿಂದೆ ಹೋದ ನಮ್ಮವರನ್ನು ಆ ಕಡೆಯವರು ಹಿಡಿದರೆ ಬೋಟೂ ಹೋಯಿತು, ಮನುಷ್ಯ ಜೈಲಿನಲ್ಲಿ ವರ್ಷಗಟ್ಟಲೆ. ಅವರನ್ನು ಮೊದಲೇ ತಿರುಗಿಸಿ ಕಳಿಸೋದು, ಗುರುತಿನ ಕಾರ್ಡು ನೋಡೋದು, ಐಸ್ ಪೆಟ್ಟಿಗೆ ತೆಗೆಸಿ ನೋಡೋದು ನಮ್ಮ ಕೆಲಸ. 2008ರಲ್ಲಿ ಮುಂಬೈ ದಾಳಿಗೆ ಬಂದವರು ಹಿಡಿದಿದ್ದು ಪೋರಬಂದರಿನ 'ಕುಬೇರ್' ಅನ್ನೋ ಮೀನು ಬೋಟನ್ನೇ. ಹೊರಗಿನಿಂದ ಅದೂ ಉಳಿದ ಬೋಟುಗಳ ಹಾಗೇ ಇತ್ತು.

ಈಗ ನನ್ನ ತಪ್ಪು. ರಾತ್ರಿ 12ರಿಂದ 4ರ ಪಾಳಿ, ರೇಡಾರ್ ಮುಂದೆ ನಾನು. ಗಾಳಿ ಜೋರು, ಅಲೆಗಳೇ ಪರದೆ ತುಂಬಾ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಅದನ್ನು ತಗ್ಗಿಸಲು ಸೀ ಕ್ಲಟರ್ ಅಂತ ಒಂದು ನಾಬ್ ಇರುತ್ತೆ. ಸ್ವಲ್ಪ ತಿರುಗಿಸಿದರೆ ಅಲೆ ಹೋಗುತ್ತೆ, ಜಾಸ್ತಿ ತಿರುಗಿಸಿದರೆ ಹತ್ತಿರದ ಸಣ್ಣ ಬೋಟೂ ಹೋಗುತ್ತೆ, ಯಾಕಂದ್ರೆ ಮರದ ಬೋಟಿನಿಂದ ವಾಪಸ್ ಬರೋ ರೇಡಾರ್ ಸಿಗ್ನಲ್ ಅಲೆಯಿಂದ ಬರೋದರಷ್ಟೇ ಸಣ್ಣದು. ನಾನು ಪೂರ್ತಿ ತಿರುಗಿಸಿದೆ. ಪರದೆ ಕಪ್ಪಗೆ, ಚೊಕ್ಕವಾಗಿ ಕಂಡಿತು, ಖುಷಿಯಾಯಿತು. ಬ್ರಿಜ್‌ನಲ್ಲಿದ್ದ (ಹಡಗು ನಡೆಸೋ ಕೋಣೆ) ಅಧಿಕಾರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಹೊರಗೆ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು, ವೇಗ ಇಳಿಸುತ್ತಿದ್ದರು. ಸಮುದ್ರ ಖಾಲಿ ಅಂತ ನಂಬಿ ಹಡಗು ಓಡುತ್ತಿತ್ತು, ಹಾಗೆ ನಂಬಿಸಿದವನು ನಾನು.

ಇದ್ದಕ್ಕಿದ್ದಂತೆ ಲುಕೌಟ್ ಹುಡುಗ ಕೂಗಿದ. ಎದುರಿಗೇ ಟಾರ್ಚ್ ಬೆಳಕು, ಇಂಜಿನ್ ಕೆಟ್ಟು ದೀಪ ಆರಿದ ಬೋಟು. ಹಡಗನ್ನು ತಿರುಗಿಸಿದ್ದರಿಂದ ಡಿಕ್ಕಿ ತಪ್ಪಿತು. ಆದರೆ ನಮ್ಮ ಹಡಗು ಎಬ್ಬಿಸಿದ ಅಲೆಗೆ ಬೋಟು ಅಡ್ಡ ಮಗುಚುವಷ್ಟು ವಾಲಿ, ಹದಿನೆಂಟರ ಹುಡುಗನೊಬ್ಬ ಬಲೆ ಎಳೆಯೋ ಗಾಲಿಗೆ ಬಡಿದು ಬಲಗೈ ಮುರಿದುಕೊಂಡ. ಅವನನ್ನು ಮೇಲೆ ಎತ್ತಿಕೊಂಡವರಲ್ಲಿ ನಾನೂ ಒಬ್ಬ. ಮೈಯೆಲ್ಲಾ ಡೀಸೆಲ್ ವಾಸನೆ, ಎಡಗೈಲಿ ಇನ್ನೂ ಟಾರ್ಚ್ ಹಿಡಿದಿದ್ದ. ಅವರ ತಾಂಡೇಲ, ಅಂದ್ರೆ ಬೋಟು ನಡೆಸೋ ಮುಖ್ಯಸ್ಥ (ಆ ಮಾತು ನಮ್ಮೂರಲ್ಲೂ ಅದೇ), ನಮಗೆ ಕೈಮುಗಿದು ಧನ್ಯವಾದ ಹೇಳುತ್ತಿದ್ದರು. ನನ್ನನ್ನು ಆರು ತಿಂಗಳು ರೇಡಾರ್‌ನಿಂದ ದೂರ ಇಟ್ಟರು, ಕಾಯುತ್ತಿದ್ದ ಕೋರ್ಸೂ ತಪ್ಪಿತು. ಆ ಹುಡುಗನ ಎಷ್ಟು ತಿಂಗಳ ದುಡಿಮೆ ಹೋಯಿತೋ.

ಹಾಗಾಗಿ ದೊಡ್ಡದಾ ಚಿಕ್ಕದಾ ಅನ್ನೋ ಪ್ರಶ್ನೆಯೇ ತಪ್ಪು ಅಂತೀನಿ. ಗಡಿ ಕಾಯೋದು ಅಂದ್ರೆ ರಾತ್ರಿ ಮೂರು ಗಂಟೆಗೆ ಆ ಕೊಳಕು ಪರದೆಯನ್ನು ಕೊಳಕಾಗಿಯೇ ನೋಡೋದು. ಆದರೂ ಕೇಳಲೇಬೇಕು ಅಂದ್ರೆ ಸಣ್ಣ ಹಡಗನ್ನೇ ಕೇಳಿಕೊಳ್ಳಿ, ಅಲ್ಲಿ ಜನ ಕಡಿಮೆ, ಕೆಲಸ ಬೇಗ ಕೈಗೆ ಬರುತ್ತೆ. ಮಳೆಗಾಲದಲ್ಲಿ ವಿಪರೀತ ಓಲಾಡುತ್ತೆ, ಮೊದಲ ವಾರ ವಾಂತಿ ಆಗಬಹುದು, ಜೇಬಲ್ಲಿ ಒಣ ಬಿಸ್ಕೆಟ್ ಇಟ್ಟುಕೊಳ್ಳಿ.