ಅಪ್ಪ ಮನೆಯನ್ನು ನನ್ನ ಹೆಸರಿಗೆ ಮಾಡಿಸ್ತೀನಿ ಅಂತಿದ್ದಾರೆ. ದಾನಪತ್ರ ಒಳ್ಳೆಯದೋ, ವಿಲ್ಲೋ?

ಅಪ್ಪನಿಗೆ 74, ಮನೆ ಅವರ ಸ್ವಂತ ದುಡಿಮೆಯದ್ದು, ಯಾವುದಕ್ಕೆ ಖರ್ಚು ಕಡಿಮೆ ಅಂತ ಕೇಳಿದ್ದೀರಿ. ನೀವು ಮಗನ ಜಾಗದಲ್ಲಿ ನಿಂತು ಕೇಳ್ತಿದ್ದೀರಿ. ನಾನು ಆ ಅಪ್ಪನ ಜಾಗದಲ್ಲಿ ಇದ್ದವನು. ಮೊದಲೇ ಹೇಳಿಬಿಡ್ತೀನಿ: ಬೇಡ ಅನ್ನಿ.

ನಾನು ದಾವಣಗೆರೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು. ಸಾಲ ಸೋಲ ಮಾಡಿ ಒಂದು ಮನೆ ಕಟ್ಟಿದ್ದೆ. 2017ರಲ್ಲಿ ಪ್ರಾಸ್ಟೇಟ್ ಆಪರೇಷನ್ ಆಯಿತು. ಮಗ ಟೈಲ್ಸ್ ಅಂಗಡಿಯ ಬಾಗಿಲು ಹಾಕಿ ಆಸ್ಪತ್ರೆಯಲ್ಲೇ ಮಲಗಿದ. ಬಿಲ್ಲೂ ಅವನೇ ಕಟ್ಟಿದ. ಮನೆಗೆ ಬಂದ ಮೇಲೆ ನನಗೆ ಒಂಥರಾ ಸಂಕೋಚ ಶುರುವಾಯಿತು. ಯಾರೂ ಏನೂ ಅಂದಿರಲಿಲ್ಲ. ಆದರೂ ಸೊಸೆ ಕಾಫಿ ತಂದು ಕೊಟ್ಟರೆ ಋಣ ಏರಿತು ಅನ್ನಿಸೋದು. ಮನೆ ಬರೆದುಕೊಟ್ಟರೆ ಎಲ್ಲ ಚುಕ್ತಾ ಆಗುತ್ತೆ ಅಂದುಕೊಂಡೆ. ಮಗ ಕೇಳಿರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. "ಈಗೇನು ಅವಸರ ಅಪ್ಪಾ" ಅಂತ ಒಂದು ಸಲ ಅಂದ. ಒಂದೇ ಸಲ ಅಂದ, ಅದೇ ತೊಂದರೆಯಾಯಿತು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳ್ತೀನಿ. ಬರೆದುಕೊಟ್ಟಿದ್ದಕ್ಕಿಂತ ಹೇಗೆ ಬರೆದುಕೊಟ್ಟೆ ಅನ್ನೋದರಲ್ಲಿ ತಪ್ಪಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವವರ ಹತ್ತಿರ ಹೋದೆವು. ಅವರ ಕಂಪ್ಯೂಟರಿನಲ್ಲಿ ಪತ್ರ ರೆಡಿ ಇರುತ್ತೆ. ಹೆಸರು, ವಯಸ್ಸು, ಚಕ್ಕುಬಂದಿ ತುಂಬಿಸೋದಷ್ಟೇ ಕೆಲಸ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ರಸ್ತೆ, ಇದನ್ನೆಲ್ಲ ನಾನೇ ಹೇಳಿ ಬರೆಸಿದೆ. "ಪ್ರೀತಿ ವಿಶ್ವಾಸದಿಂದ, ಯಾವುದೇ ಪ್ರತಿಫಲ ಪಡೆಯದೆ" ಅನ್ನೋ ಸಾಲು ಮೊದಲೇ ಇತ್ತು. ಅವರು ಕನ್ನಡಕ ಮೇಲೆತ್ತಿ, "ಷರತ್ತು ಏನಾದ್ರೂ ಹಾಕೋದಿದೆಯಾ ಮೇಷ್ಟ್ರೇ?" ಅಂದರು. ಮಗ ಪಕ್ಕದಲ್ಲೇ ಕೂತಿದ್ದ. ನಾನು ನಕ್ಕು, "ಅಪ್ಪ ಮಗನ ಮಧ್ಯೆ ಎಂಥ ಷರತ್ತು ರೀ" ಅಂದೆ. ದೊಡ್ಡತನ ತೋರಿಸಿಬಿಟ್ಟೆ. ನಾನೂ ನನ್ನ ಹೆಂಡತಿಯೂ ಬದುಕಿರೋವರೆಗೂ ಆ ಮನೆಯಲ್ಲಿ ಇರೋ ಹಕ್ಕು ನಮ್ಮದೇ ಅಂತ ಒಂದು ಸಾಲು ಸಾಕಿತ್ತು. ಅಲ್ಲಿವರೆಗೆ ಮನೆ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ ಅಂತ ಇನ್ನೊಂದು. ಅವರು ಅದನ್ನು ಅರ್ಧ ಗಂಟೆಯಲ್ಲಿ ಟೈಪ್ ಮಾಡಿ ಕೊಡ್ತಿದ್ದರು. ಮಗನೂ ಬೇಡ ಅಂತಿರಲಿಲ್ಲ. ನನಗೆ ಕೇಳೋಕೆ ನಾಚಿಕೆ, ಅಷ್ಟೇ.

ಒಳಗೆ ಹೆಬ್ಬೆಟ್ಟು ತಗೊಳ್ಳುವಾಗ ಮೆಷಿನ್ನಿಗೆ ನನ್ನ ಗುರುತೇ ಸಿಗಲಿಲ್ಲ. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆದಿರುತ್ತಲ್ಲ. ಹುಡುಗ ಬಟ್ಟೆಯಿಂದ ಒರೆಸಿ ಒರೆಸಿ ಒತ್ತಿಸಿದ. ಮುಗಿಯಿತು. ಸ್ವಲ್ಪ ದಿನಕ್ಕೆ ಪಾಲಿಕೆಯಲ್ಲಿ ಖಾತೆಯೂ ಮಗನ ಹೆಸರಿಗಾಯಿತು.

ಮರುವರ್ಷ ಮಗ ಮನೆ ಅಡ ಇಟ್ಟು ಅಂಗಡಿಗೆ ಸಾಲ ತೆಗೆದ. ಮನೆ ನನ್ನ ಹೆಸರಲ್ಲಿ ಇದ್ದಿದ್ದರೆ ಬ್ಯಾಂಕಿನವರು ನನ್ನ ಸಹಿ ಕೇಳಲೇಬೇಕಿತ್ತು. ಈಗ ಕೇಳೋ ಅಗತ್ಯವೇ ಇರಲಿಲ್ಲ. 2020ರ ಲಾಕ್‌ಡೌನಿನಲ್ಲಿ ವ್ಯಾಪಾರ ಕೂತುಹೋಯಿತು. ಸರ್ಫೇಸಿ ಕಾಯ್ದೆ ಅಂತ 2002ರದ್ದು ಒಂದಿದೆ. ಕಂತು ನಿಂತರೆ ಬ್ಯಾಂಕಿನವರು 60 ದಿನದ ನೋಟಿಸು ಕೊಡ್ತಾರೆ. ಆಮೇಲೂ ಕಟ್ಟದಿದ್ದರೆ ಕೋರ್ಟಿನ ತೀರ್ಪಿಗೆ ಕಾಯದೆ ಆಸ್ತಿ ಸ್ವಾಧೀನಕ್ಕೆ ಇಳಿಯಬಹುದು. ಬಾಗಿಲಿಗೆ ನೋಟಿಸು ಅಂಟಿಸಿದರು, ಪೇಪರಿನಲ್ಲೂ ಹಾಕಿಸಿದರು. ಬೆಳಿಗ್ಗೆ ಪೇಪರು ಬಿಡಿಸಿದರೆ ನಾನೇ ಹೇಳಿ ಬರೆಸಿದ್ದ ಚಕ್ಕುಬಂದಿ, ಪೂರ್ವ ಪಶ್ಚಿಮ ಸಮೇತ, ಪ್ರಿಂಟಾಗಿ ಕೂತಿದೆ. ನನ್ನ ಹೆಂಡತಿ ಆ ಪೇಪರನ್ನು ಅಕ್ಕಪಕ್ಕದವರು ನೋಡದಿರಲಿ ಅಂತ ಹಾಸಿಗೆ ಕೆಳಗೆ ಬಚ್ಚಿಟ್ಟಳು. ಇಡೀ ಬೀದಿಗೆ ಅದೇ ಪೇಪರು ಬರುತ್ತೆ!

ಯಾರೋ ಹೇಳಿದರು, 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, 23ನೇ ಕಲಮಿನಲ್ಲಿ ದಾನಪತ್ರ ರದ್ದು ಮಾಡಿಸಬಹುದು ಅಂತ. ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಗೆ ಹೋದೆ, ಆ ಕಾಯ್ದೆಯ ನ್ಯಾಯಮಂಡಳಿಗೆ ಎಸಿಯವರೇ ಅಧ್ಯಕ್ಷರು. ಅಲ್ಲಿನ ಗುಮಾಸ್ತರು ಒಳ್ಳೆಯವರು, ಸಮಾಧಾನವಾಗಿ ಕೇಳಿದರು: "ನೋಡಿಕೊಳ್ಳಬೇಕು ಅಂತ ಪತ್ರದಲ್ಲಿ ಷರತ್ತು ಇದೆಯಾ?" ಇಲ್ಲ. "ಮಗ ನಿಮ್ಮನ್ನು ನೋಡಿಕೊಳ್ತಿಲ್ವಾ?" ಇದಕ್ಕೆ ಏನು ಹೇಳಲಿ? ಬಿಪಿ ಮಾತ್ರೆ ತಿಂಗಳು ತಪ್ಪದೆ ತಂದು ಕೊಡೋನು ಅವನೇ. ಆ ದಿನ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಬಿಟ್ಟಿದ್ದೂ ಅವನೇ. ಅರ್ಜಿ ಕೊಡದೆ ವಾಪಸು ಬಂದೆ. ಕೊನೆಗೆ ಮನೆ ಮಾರಿ ಸಾಲ ತೀರಿಸಿದೆವು. ಈಗ ಬಾಡಿಗೆ ಮನೆ, ನನ್ನ ಪಿಂಚಣಿಯಲ್ಲಿ. ಪಿಂಚಣಿಯನ್ನು ದಾನ ಕೊಡೋಕೆ ಬರಲ್ಲ, ಅದಕ್ಕೇ ಅದು ಉಳಿದಿದೆ.

ಈ ವಿಷಯ ಬಂದಾಗ ಎಲ್ಲರೂ ಅಪ್ಪ ಅಮ್ಮನನ್ನು ಬೀದಿಗೆ ತಳ್ಳಿದ ಮಗನ ಕಥೆಯನ್ನೇ ಹೇಳ್ತಾರೆ. ಅದನ್ನು ಓದಿ ನಾವು "ನನ್ನ ಮಗ ಅಂಥವನಲ್ಲ" ಅಂದುಕೊಂಡು ಸಹಿ ಹಾಕ್ತೀವಿ. ಒಳ್ಳೆ ಮಕ್ಕಳಿಗೂ ಸಾಲ ಆಗುತ್ತೆ. ಒಳ್ಳೆ ಮಕ್ಕಳೂ ಹೋಗಿಬಿಡ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕು. ನಾಳೆ ನಿಮಗೇ ಏನಾದರೂ ಆಗಿ, ನೀವು ವಿಲ್ಲು ಬರೆದಿರದಿದ್ದರೆ ಆ ಮನೆ ಯಾರಿಗೆ ಹೋಗುತ್ತೆ ಗೊತ್ತಾ? ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳು ಮತ್ತು ತಾಯಿಗೆ. ಅವರಲ್ಲಿ ಒಬ್ಬರಿದ್ದರೂ ತಂದೆಗೆ ಪಾಲಿಲ್ಲ. ಮನೆ ಕಟ್ಟಿದವರಿಗೇ ಅದರಲ್ಲಿ ಏನೂ ಇಲ್ಲ. ಇದು ನನಗೆ ತಿಳಿದಿದ್ದು ಎಲ್ಲ ಮುಗಿದ ಮೇಲೆ.

ಹಾಗಾಗಿ ದಾನಪತ್ರವೋ ವಿಲ್ಲೋ ಅಂತ ಕೇಳೋ ಮೊದಲು ಇನ್ನೊಂದು ಕೇಳಿ. ನಿಮ್ಮ ಅಪ್ಪ ಈಗಲೇ ಯಾಕೆ ಬರೆದುಕೊಡೋಕೆ ಹೊರಟಿದ್ದಾರೆ? ಇತ್ತೀಚೆಗೆ ಆಸ್ಪತ್ರೆಗೆ ಸೇರಿದ್ದರಾ? ಕಣ್ಣು ಮಂಜಾಗಿದೆಯಾ? ಒಬ್ಬರೇ ಪೇಟೆಗೆ ಹೋಗೋಕೆ ಹೆದರ್ತಿದ್ದಾರಾ? ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ದಾನಪತ್ರಗಳು ಭಯದಿಂದ ಆಗ್ತವೆ, ಪ್ರೀತಿ ವಿಶ್ವಾಸ ಅಂತ ಬರೆದಿರುತ್ತೆ ಅಷ್ಟೇ. "ಮನೆ ನಿಮ್ಮ ಹೆಸರಲ್ಲೇ ಇರಲಿ ಅಪ್ಪಾ, ನಾನು ಎಲ್ಲೂ ಹೋಗಲ್ಲ" ಅಂತ ಬಾಯಿಬಿಟ್ಟು ಹೇಳಿ. ನನ್ನ ಮಗನ ಹಾಗೆ ಒಂದು ಸಲಕ್ಕೆ ನಿಲ್ಲಿಸಬೇಡಿ.

ಅಷ್ಟಾದರೂ ಅವರು ಹಟ ಹಿಡಿದು ದಾನಪತ್ರವೇ ಅಂದರೆ, ಬದುಕಿರೋವರೆಗೆ ವಾಸದ ಹಕ್ಕು, ಅನ್ನ, ಔಷಧಿ, ಆರೈಕೆ, ಅಡ ಇಡೋಕೆ ತಡೆ, ಎಲ್ಲವನ್ನೂ ಪತ್ರದಲ್ಲೇ ಬರೆಸಿ. ವಕೀಲರಿಂದಲೇ ಬರೆಸಿ. ನೀವೇ ಮುಂದಾಗಿ ಬರೆಸಿ, ಅಪ್ಪ ಕೇಳಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ, ನೋಡಿಕೊಳ್ಳುವ ಷರತ್ತು ಇದ್ದರೆ ಮಾತ್ರ 23ನೇ ಕಲಂ ನಡೆಯುತ್ತೆ ಅಂದಿತು. 2025ರ ಜನವರಿಯಲ್ಲಿ, ಮಧ್ಯಪ್ರದೇಶದ ತಾಯಿಯೊಬ್ಬರ ಕೇಸಿನಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ಹೇಳಿ ದಾನಪತ್ರ ರದ್ದು ಮಾಡಿದ್ದನ್ನು ಎತ್ತಿಹಿಡಿಯಿತು. ಅಲ್ಲಿ ಕೂಡ ಆ ತಾಯಿಯ ಕೈಯಲ್ಲಿ, ಮಗ ನೋಡಿಕೊಳ್ತೀನಿ ಅಂತ ಬರೆದುಕೊಟ್ಟಿದ್ದ ಒಂದು ಕಾಗದ ಇತ್ತು.

ಇನ್ನು ಖರ್ಚು. ಮನೆಯವರೊಳಗಿನ ದಾನಪತ್ರಕ್ಕೆ ಕ್ರಯಪತ್ರದಷ್ಟು ಸ್ಟಾಂಪ್ ಡ್ಯೂಟಿ ಇಲ್ಲ, ಕೆಲವು ಸಾವಿರದಲ್ಲಿ ಮುಗಿಯುತ್ತೆ. ವಿಲ್ಲಿಗೆ ಸ್ಟಾಂಪ್ ಪೇಪರೇ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮನಸ್ಸು ಬದಲಾದರೆ ಇನ್ನೊಂದು ವಿಲ್ಲು ಬರೆಯಬಹುದು, ದಾನಪತ್ರದಲ್ಲಿ ಆ ಅವಕಾಶ ಇಲ್ಲ. ಸಾಕ್ಷಿಗೆ ಅಪ್ಪನ ವಯಸ್ಸಿನ ಗೆಳೆಯರು ಬೇಡ, ಬೇಕಾದಾಗ ಅವರೇ ಇರಲ್ಲ. ನೀವೂ ನಿಮ್ಮ ಹೆಂಡತಿಯೂ ಬೇಡ. ಅಪ್ಪನನ್ನು ನೋಡೋ ಡಾಕ್ಟರು ಒಪ್ಪಿದರೆ ಅವರೇ ಒಳ್ಳೆಯವರು. ಇನ್ನೊಬ್ಬರು ನಿಮ್ಮ ವಯಸ್ಸಿನ, ಅದೇ ಊರಲ್ಲಿ ಇರೋರು ಆಗಲಿ.