ತಲಪಾಡಿ ಬಂತೆಂದರೆ ಎದೆ ಡವಡವ

ಪ್ರಶ್ನೆ: ಕುಂಬಳೆಯಿಂದ ದಿನಾ ಬಸ್ಸಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಕಳೆದ ವರ್ಷ ತಲಪಾಡಿ ಹತ್ತಿರ ಎದೆ ಹೊಡೆದುಕೊಂಡು, ಉಸಿರುಕಟ್ಟಿ, ಸತ್ತೇಹೋದೆ ಅನಿಸಿತು. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದೆ; ವೈದ್ಯರು ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದಂತೆ ವಿಪರೀತ ಭಯ ಉಕ್ಕುವ ತೊಂದರೆ) ಎಂದರು. ಆ ದಿನದ ಒಂದೊಂದು ಕ್ಷಣವೂ ನೆನಪಿದೆ, ಸುಖವಾಗಿ ಹೋಗಿಬಂದ ದಿನಗಳು ನೆನಪಿಗೇ ಬರುವುದಿಲ್ಲ. ನೆನಪಿನ ಶಕ್ತಿ ಕೆಟ್ಟಿದೆಯೇ?
— ಓದುಗರು, ಕುಂಬಳೆ

ಉತ್ತರ: ಕೆಟ್ಟಿಲ್ಲ. ಭಯ ಉಕ್ಕಿದಾಗ ಸುರಿಯುವ ಅಡ್ರಿನಲಿನ್ ಆ ಹೊತ್ತಿನ ನೆನಪನ್ನು ಗಟ್ಟಿಮಾಡುತ್ತದೆ. ಏನೂ ಆಗದ ಪ್ರಯಾಣಕ್ಕೆ ಆ ಭಾಗ್ಯವಿಲ್ಲ. ತಲಪಾಡಿಯ ಜೊತೆಗೆ ಎದೆಬಡಿತವೂ ಅಪಾಯದ ಗುರುತಾಗಿ ಮನಸ್ಸಲ್ಲಿ ಕೂತಿರುತ್ತದೆ. ಹಾಗಾಗಿ ಮೆಟ್ಟಿಲು ಹತ್ತಿದಾಗ, ಮೇ ತಿಂಗಳ ಸೆಕೆಯಲ್ಲಿ ಕೂಡ ದಿಗಿಲು ಹುಟ್ಟಬಹುದು. ದೇಹದ ಸಾಮಾನ್ಯ ಏರುಪೇರನ್ನು ಅನಾಹುತವೆಂದು ಅರ್ಥಮಾಡಿಕೊಳ್ಳುವುದೇ ಪ್ಯಾನಿಕ್‌ನ ಮೂಲ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು.

ಒಳ್ಳೆಯ ದಿನಗಳು ಲೆಕ್ಕಕ್ಕೆ ಬಾರದಿರಲು ಇನ್ನೊಂದು ಕಾರಣವಿದೆ. ಬಾಗಿಲ ಬಳಿಯ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೇಬಲ್ಲಿ ಮಾತ್ರೆ ಇದ್ದರೆ ‘ಇವಿದ್ದುದರಿಂದ ಬದುಕಿದೆ’ ಎಂದೇ ಮನಸ್ಸು ಬರೆದುಕೊಳ್ಳುತ್ತದೆ.

ಒಂದು ಪುಟ್ಟ ನೋಟ್‌ಬುಕ್ ಇಡಿ. ಬಸ್ ಹತ್ತುವ ಮುಂಚೆ ಬರೆಯಿರಿ: ‘ತಲಪಾಡಿಯಲ್ಲಿ ಎಚ್ಚರತಪ್ಪಿ ಬೀಳುತ್ತೇನೆ, ನಂಬಿಕೆ 100ಕ್ಕೆ 80.’ ಇಳಿದ ಕೂಡಲೇ ನಡೆದದ್ದನ್ನು ಬರೆಯಿರಿ; ಸಂಜೆಗೆ ಬಿಟ್ಟರೆ ನೆನಪು ಭಯದ ಕಡೆಗೇ ವಾಲುತ್ತದೆ. ‘ಹೆದರಿಕೆಯಾಗುತ್ತದೆ’ ಎಂದು ಬರೆಯಬೇಡಿ, ಅದು ಹೇಗೂ ನಿಜವಾಗುತ್ತದೆ, ಅದರಿಂದ ಕಲಿಯುವುದೇನೂ ಇಲ್ಲ. ಅಂದಹಾಗೆ, ಎಚ್ಚರತಪ್ಪಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು. ಪ್ಯಾನಿಕ್‌ನಲ್ಲಿ ಅದು ಹೆಚ್ಚಾಗಿ ಏರುತ್ತದೆ.

ಮನೆಯಲ್ಲಿ ಎದೆಬಡಿತ, ಉಸಿರುಕಟ್ಟುವಿಕೆಯಂಥ ಅದೇ ಸಂವೇದನೆಗಳನ್ನು ಬೇಕೆಂದೇ ಬರಿಸಿಕೊಳ್ಳಿ: ನಿಂತಲ್ಲೇ 1 ನಿಮಿಷ ಓಟ, ಇಲ್ಲವೇ ಮೂಗು ಹಿಡಿದು ಸಪೂರ ಸ್ಟ್ರಾದಲ್ಲಿ 1 ನಿಮಿಷ ಉಸಿರಾಟ. ಆಮೇಲೆ ಸುಮ್ಮನೆ ಕೂತು ಅದು ತಾನಾಗಿ ಇಳಿಯುವುದನ್ನು ನೋಡಿ. ಇಲ್ಲೇ ಹಲವರು ತಪ್ಪುತ್ತಾರೆ, ತಕ್ಷಣ ನೀರು ಕುಡಿದು, ದೀರ್ಘ ಉಸಿರೆಳೆದು ಪಾಠವನ್ನೇ ಅಳಿಸಿಬಿಡುತ್ತಾರೆ. ನಂಬಿಕೆಯ ಅಂಕೆ ಇಳಿಯುವವರೆಗೆ ಅದನ್ನೇ ದಿನಾ ಮಾಡಿ. ಹೃದ್ರೋಗ, ಆಸ್ತಮಾ, ಅಪಸ್ಮಾರ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಬಸ್ಸಲ್ಲಿ ಮೊದಲು ಬಾಟಲಿ ಬಿಡಿ, ಆಮೇಲೆ ನಡುವಿನ ಸೀಟಿಗೆ ಸರಿಯಿರಿ. ಹೊರಡುವ ಮುಂಚೆ ಆಲ್ಪ್ರಜೋಲಾಮ್‌ನಂಥ ಆತಂಕ ತಗ್ಗಿಸುವ ಮಾತ್ರೆ ನುಂಗಿದರೆ ಧೈರ್ಯದ ಯಶಸ್ಸು ಮಾತ್ರೆಗೇ ಹೋಗುತ್ತದೆ. ಆದರೆ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಅಪಾಯ. ವೈದ್ಯರೇ ಮೆಲ್ಲಗೆ ಇಳಿಸಲಿ. ಒಬ್ಬರೇ ಮುಂದುವರಿಯಲು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.